ಅಲೆತಡೆಯಲ್ಲಿ ಗುಂಡಿ ಬಿದ್ದಿದೆ: ಕಲ್ಲಿನ ಗಾತ್ರದ ಏರುಪೇರನ್ನು ಪತ್ತೆ ಹಚ್ಚುವುದು ಹೇಗೆ?

ಬಿರುಗಾಳಿ ಅಡಗಿ ಸಮುದ್ರ ತಣ್ಣಗಾದ ಮೇಲೆ, ಬಂದರಿಗೆ ಅಲೆ ನುಗ್ಗದಂತೆ ಸಮುದ್ರದಲ್ಲಿ ಕಲ್ಲು ಪೇರಿಸಿ ಕಟ್ಟಿದ ಅಲೆತಡೆಯ ಮೇಲೆ ಒಂದು ಸುತ್ತು ನಡೆದು ಬನ್ನಿ. ನೀರಿನ ಮಟ್ಟದ ಆಸುಪಾಸಿನಲ್ಲಿ ಎಲ್ಲೋ ಒಂದು ಕಡೆ ಇಳಿಜಾರು ಒಳಕ್ಕೆ ಕುಸಿದಿರುತ್ತದೆ. ನಾಲ್ಕಾರು ದೊಡ್ಡ ಕಲ್ಲು ಜಾಗ ಬಿಟ್ಟು ಕೆಳಗೆ ಉರುಳಿರುತ್ತವೆ. ಯಾಕೆ ಹೀಗಾಯಿತು ಎಂದು ಕೇಳಿದರೆ ಸಿಗುವ ಮೊದಲ ಉತ್ತರ, ‘ಈ ಸಲ ಅಲೆ ಜೋರಿತ್ತು.’

ಜೋರಿದ್ದಿರಬಹುದು. ಆದರೆ ಗುಂಡಿಯ ಎಡಕ್ಕೆ ಹತ್ತು ಮೀಟರ್, ಬಲಕ್ಕೆ ಹತ್ತು ಮೀಟರ್ ಸರಿದು ನೋಡಿ. ಅಲ್ಲಿಗೂ ಬಡಿದದ್ದು ಅದೇ ಅಲೆ, ಇಳಿಜಾರೂ ಅದೇ, ನೀರಿನ ಆಳವೂ ಅದೇ. ಅಲ್ಲಿ ಒಂದು ಕಲ್ಲೂ ಮಿಸುಕಾಡದೆ ಇಲ್ಲಿ ಮಾತ್ರ ಹೊಂಡ ಬಿದ್ದಿದ್ದರೆ ಅಲೆಯನ್ನು ದೂರಿ ಪ್ರಯೋಜನವಿಲ್ಲ. ಇಲ್ಲಿ ಹಾಕಿದ ಕಲ್ಲಿಗೂ ಅಲ್ಲಿ ಹಾಕಿದ ಕಲ್ಲಿಗೂ ಏನೋ ವ್ಯತ್ಯಾಸವಿದೆ. ಅದನ್ನು ಹುಡುಕುವ ದಾರಿಯನ್ನು ಇಲ್ಲಿ ಬರೆದಿದ್ದೇನೆ. ಇದು ಕಲ್ಲಿನ ಆರ್ಮರ್, ಅಂದರೆ ಅಲೆಯ ಹೊಡೆತ ತಾಳುವ ದೊಡ್ಡ ಕಲ್ಲಿನ ಹೊರಪದರ, ಇರುವ ಅಲೆತಡೆಗಳಿಗೆ ಮಾತ್ರ. ನಾಲ್ಕು ಕಾಲಿನ ಟೆಟ್ರಾಪಾಡ್‌ನಂಥ ಕಾಂಕ್ರೀಟ್ ಬ್ಲಾಕ್‌ಗಳ ಲೆಕ್ಕ ಬೇರೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕಡತದಲ್ಲಿರುವ ಸರಾಸರಿ ತೂಕವನ್ನು ನೋಡಿ ‘ಕಲ್ಲು ಸರಿಯಿದೆ’ ಎಂಬ ತೀರ್ಮಾನಕ್ಕೆ ಬರಬೇಡಿ. ಅಲೆ ಸರಾಸರಿಗೆ ಬಡಿಯುವುದಿಲ್ಲ, ಒಂದೊಂದು ಕಲ್ಲಿಗೂ ಬೇರೆಬೇರೆಯಾಗಿ ಬಡಿಯುತ್ತದೆ.

ಎಷ್ಟು ತೂಕದ ಕಲ್ಲು ಇರಬೇಕಿತ್ತು?

ಇದನ್ನು ಗೊತ್ತುಮಾಡಿಕೊಳ್ಳದೆ ಜಾಗಕ್ಕೆ ಹೋದರೆ ಅಲ್ಲಿ ಕಾಣುವ ಎಲ್ಲ ಕಲ್ಲೂ ದೊಡ್ಡದಾಗಿಯೇ ತೋರುತ್ತದೆ. ಹೆಚ್ಚಿನ ಅಲೆತಡೆಗಳ ವಿನ್ಯಾಸ ಇವತ್ತಿಗೂ ಅಮೆರಿಕದ ಎಂಜಿನಿಯರ್ ಹಡ್ಸನ್ 1959ರಲ್ಲಿ ಪ್ರಕಟಿಸಿದ ಸೂತ್ರದಿಂದಲೇ ಶುರುವಾಗುತ್ತದೆ. ಕಲ್ಲಿನ ತೂಕ ಅಲೆಯ ಎತ್ತರದ ಘನಕ್ಕೆ ತಕ್ಕಂತೆ ಏರುತ್ತದೆ, ಇಳಿಜಾರು ಮಲಗಿದಷ್ಟೂ ಇಳಿಯುತ್ತದೆ ಎನ್ನುವುದು ಅದರ ಸಾರ.

ಒಂದು ಉದಾಹರಣೆ ಹಿಡಿದುಕೊಳ್ಳೋಣ, ಕೊನೆಯವರೆಗೂ ಅದೇ ಇರಲಿ. ವಿನ್ಯಾಸದ ಅಲೆ 3 ಮೀಟರ್. ಇಳಿಜಾರು 1:2, ಅಂದರೆ ಎರಡು ಮೀಟರ್ ಮುಂದಕ್ಕೆ ಹೋದರೆ ಒಂದು ಮೀಟರ್ ಇಳಿತ. ಕಲ್ಲಿನ ಸಾಂದ್ರತೆ ಘನಮೀಟರಿಗೆ 2.65 ಟನ್. ಒರಟು ಮೂಲೆಗಳ ಕಲ್ಲು ಎರಡು ಪದರ, ಅಲೆ ಮೇಲೆಯೇ ಒಡೆಯುತ್ತದೆ, ಹಾಗಾಗಿ ಸೂತ್ರದ ಸ್ಥಿರತಾ ಗುಣಾಂಕ, ಅಂದರೆ ಕಲ್ಲು ಎಷ್ಟು ಗಟ್ಟಿಯಾಗಿ ಕಚ್ಚಿ ನಿಲ್ಲುತ್ತದೆ ಎಂದು ಹೇಳುವ ಅಂಕಿ, 2. ಲೆಕ್ಕ ಮಾಡಿದರೆ ಸುಮಾರು 4.5 ಟನ್ ಬರುತ್ತದೆ. ವಾಡಿಕೆಯ ನಿಯಮದಂತೆ ಈ ತೂಕದ ಶೇ. 75ರಿಂದ ಶೇ. 125ರವರೆಗಿನ ಕಲ್ಲನ್ನು ಒಪ್ಪಬಹುದು, ಅಂದರೆ 3.4 ಟನ್‌ನಿಂದ 5.6 ಟನ್. ಜತೆಗೆ, ಅರ್ಧದಷ್ಟು ಕಲ್ಲುಗಳಾದರೂ 4.5 ಟನ್ ಮೀರಿರಬೇಕು.

ಈ ತೂಕಗಳನ್ನು ಗಾತ್ರಕ್ಕೆ ತಿರುಗಿಸಿ ನೋಡಿ. 4.5 ಟನ್ ಕಲ್ಲನ್ನು ಸಮಚೌಕದ ಪೆಟ್ಟಿಗೆ ಎಂದುಕೊಂಡರೆ ಅದರ ಒಂದು ಬದಿ 1.19 ಮೀಟರ್. 3.4 ಟನ್‌ದು 1.09 ಮೀಟರ್, 5.6 ಟನ್‌ದು 1.28 ಮೀಟರ್. ಒಪ್ಪಬಹುದಾದ ಅತಿ ಚಿಕ್ಕ ಕಲ್ಲಿಗೂ ಅತಿ ದೊಡ್ಡ ಕಲ್ಲಿಗೂ ಬದಿಯಲ್ಲಿ ಇರುವ ಅಂತರ ಒಂದು ಗೇಣಿನಷ್ಟು. ಪೂರ್ತಿ ಅರ್ಧ ತೂಕದ, ಅಂದರೆ 2.25 ಟನ್‌ನ ಕಲ್ಲಿನ ಬದಿಯೂ 95 ಸೆಂಟಿಮೀಟರ್ ಇರುತ್ತದೆ. ಕ್ರೇನಿನ ಕ್ಯಾಬಿನ್‌ನಲ್ಲಿ ಕೂತವರಿಗೆ ಇಪ್ಪತ್ತು ಮೀಟರ್ ದೂರದಿಂದ ಈ ವ್ಯತ್ಯಾಸ ಕಾಣುವುದಾದರೂ ಹೇಗೆ? ಕಣ್ಣಳತೆಯಲ್ಲಿ ಆರಿಸಿದ ಕಲ್ಲಿನ ಬಗ್ಗೆ ನನಗೆ ಯಾವತ್ತೂ ಅನುಮಾನ ಇರುವುದು ಇದಕ್ಕೇ. ಆರಿಸಿದವರು ಅಸಡ್ಡೆ ಮಾಡಿರಬೇಕೆಂದೇನಿಲ್ಲ. ಘನಮೂಲ ಕಣ್ಣನ್ನು ಮೋಸ ಮಾಡುತ್ತದೆ.

ಹತ್ತಿರದಿಂದ ನೋಡಬೇಕಾದ ಲಕ್ಷಣಗಳು

ಸಮುದ್ರ ಪೂರ್ತಿ ಇಳಿದಿರುವ ಹೊತ್ತಿಗೆ ಹೋಗಿ, ಒಬ್ಬರೇ ಹೋಗಬೇಡಿ. ಗುಂಡಿಯೊಳಗೆ ಇಳಿಯುವ ಮುನ್ನ ಅದರ ಅಂಚಿನ ಕಲ್ಲುಗಳನ್ನು ನೋಡಿ.

ಕಲ್ಲಿಗೆ ಕಲ್ಲು ತಾಗುವ ಸಂದಿನಲ್ಲಿ ಟಾರ್ಚ್ ಬಿಡಿ. ವರ್ಷಗಟ್ಟಲೆ ಅಲುಗದೆ ಕೂತ ಕಲ್ಲಿನ ಮೈಮೇಲೆ ಪಾಚಿ, ಚಿಪ್ಪು, ಕಂದುಬಣ್ಣದ ಕಲೆ ಸಂದಿನ ತುದಿಯವರೆಗೂ ಹಬ್ಬಿರುತ್ತದೆ. ಅಲುಗುವ ಕಲ್ಲಿನಲ್ಲಿ ಹಾಗಿರುವುದಿಲ್ಲ. ತಾಗುವ ಜಾಗದಲ್ಲಿ ಅಂಗೈಯಗಲದ ಒಂದು ಬೋಳು ಮಚ್ಚೆ ಇರುತ್ತದೆ, ಉಜ್ಜಿ ಬೆಳ್ಳಗಾಗಿರುತ್ತದೆ. ಬೆರಳಿಟ್ಟರೆ ನುಣುಪಾದ ಪುಡಿ ಅಂಟುತ್ತದೆ, ಮೂಲೆ ಉರುಟಾಗಿರುತ್ತದೆ. ಆ ಕಲ್ಲು ಪ್ರತಿ ದೊಡ್ಡ ಅಲೆಗೂ ತೊಟ್ಟಿಲಿನಂತೆ ತೂಗಿದೆ ಎಂದೇ ಅರ್ಥ. ಅಂಥ ಕಲ್ಲಿಗೆ ಉದ್ದನೆಯ ಹಾರೆ ಕೊಟ್ಟು ಮೀಟಿದರೆ ಎಷ್ಟೋ ಸಲ ಒಬ್ಬರ ಬಲಕ್ಕೇ ಅಲುಗುತ್ತದೆ.

ಆಮೇಲೆ ಚಿಕ್ಕ ಕಲ್ಲುಗಳು ಎಲ್ಲಿವೆ ಎಂದು ಹುಡುಕಿ. ಈ ಹಂತದಲ್ಲಿ ಆತುರ ಬೇಡ. ಸುತ್ತಲೂ ದೊಡ್ಡ ಕಲ್ಲುಗಳ ನಡುವೆ ಸಿಕ್ಕಿಕೊಂಡ ಒಂಟಿ ಚಿಕ್ಕ ಕಲ್ಲಿನಿಂದ ಹೆಚ್ಚು ಅಪಾಯವಿಲ್ಲ. ಅಕ್ಕಪಕ್ಕದವು ಅದನ್ನು ಕಚ್ಚಿ ಹಿಡಿದಿರುತ್ತವೆ. ಅಪಾಯ ಇರುವುದು ಚಿಕ್ಕವು ಒಟ್ಟಿಗೆ ಗುಂಪಾಗಿ ಕೂತಲ್ಲಿ. ಒಂದು ಚಿಕ್ಕ ಕಲ್ಲಿಗೆ ಇನ್ನೊಂದು ಚಿಕ್ಕ ಕಲ್ಲೇ ಆಸರೆಯಾದರೆ ಒಂದು ಎದ್ದ ದಿನ ಪಕ್ಕದ್ದೂ ಏಳುತ್ತದೆ. ಗುಂಡಿಯ ಅಂಚಿನಲ್ಲಿ ಇಂಥ ಗುಂಪಿನ ಉಳಿಕೆ ಕಂಡರೆ ಗುಂಡಿ ಇದ್ದ ಜಾಗದಲ್ಲೂ ಅವೇ ಇದ್ದವು ಎಂದು ಊಹಿಸಬಹುದು. ಖಚಿತ ಮಾಡಿಕೊಳ್ಳಲು ಬುಡಕ್ಕೆ ಉರುಳಿಬಿದ್ದ ಕಲ್ಲುಗಳನ್ನು ಅಳೆಯಿರಿ. ಮೊದಲು ಜಾಗ ಬಿಟ್ಟವು ಅವೇ.

ದೊಡ್ಡ ಕಲ್ಲಿನ ಅಡಿಗೆ ಒತ್ತು ಕೊಟ್ಟ ಚಕ್ಕೆ ಕಲ್ಲುಗಳನ್ನೂ ಗಮನಿಸಿ. ಕಲ್ಲು ಕೂಡಿಸುವಾಗ ಅಲುಗದಿರಲಿ ಎಂದು ಸಣ್ಣ ಚಕ್ಕೆ ತುರುಕುವ ರೂಢಿ ಗೋಡೆ ಕಟ್ಟುವ ಕೆಲಸದಿಂದ ಬಂದದ್ದು. ಗೋಡೆಗೆ ಅದು ಸರಿ. ಅಲೆಯ ಬಾಯಿಗೆ ಸಿಕ್ಕ ಇಳಿಜಾರಿನಲ್ಲಿ ಆ ಚಕ್ಕೆಯನ್ನು ನೀರು ಮೊದಲ ಋತುವಿನಲ್ಲೇ ಹೀರಿ ತೆಗೆಯುತ್ತದೆ, ಮೇಲಿನ ದೊಡ್ಡ ಕಲ್ಲು ಅಲ್ಲಿಂದ ತೂಗತೊಡಗುತ್ತದೆ.

ಅಳೆಯುವ ಕ್ರಮ

ಕೈಗೆ ಸಿಕ್ಕ ಕಲ್ಲನ್ನು ಅಳೆಯುತ್ತ ಹೋದರೆ ಕಣ್ಣು ತನಗೆ ತಿಳಿಯದಂತೆ ದೊಡ್ಡದನ್ನೇ ಆರಿಸುತ್ತದೆ. ಹಗ್ಗ ಎಳೆದು ಎರಡೆರಡು ಮೀಟರಿಗೆ ಗಂಟು ಹಾಕಿ, ಗಂಟಿನ ಕೆಳಗಿನ ಕಲ್ಲನ್ನು ಅಳೆಯುವುದು ಇನ್ನೊಂದು ವಿಧಾನ. ಆದರೆ ದೊಡ್ಡ ಕಲ್ಲು ಹೆಚ್ಚು ಜಾಗ ಹಿಡಿಯುವುದರಿಂದ ಗಂಟು ಅದರ ಮೇಲೇ ಬೀಳುವ ಸಂಭವ ಹೆಚ್ಚು, ಇಲ್ಲೂ ಲೆಕ್ಕ ದೊಡ್ಡದರ ಕಡೆಗೇ ವಾಲುತ್ತದೆ. ಹಾಗಾಗಿ ನಾನು ಮಾಡುವುದು ಚೌಕ ಹಾಕಿ ಎಣಿಸುವುದನ್ನು.

ಇಳಿಜಾರಿನ ಮೇಲೆ 10 ಮೀಟರ್‌ಗೆ 10 ಮೀಟರ್ ಚೌಕವನ್ನು ಬಣ್ಣದಿಂದ ಗುರುತು ಮಾಡಿ. ಒಂದು ಚೌಕ ಗುಂಡಿಯ ಪಕ್ಕದಲ್ಲಿರಲಿ, ಇನ್ನೊಂದು ಏನೂ ಆಗದ ಭಾಗದಲ್ಲಿ. ಚೌಕದೊಳಗೆ ಮೇಲ್ಪದರದ ಕಲ್ಲು ಎಷ್ಟಿವೆ ಎಂದು ಎಣಿಸಿ. ನಮ್ಮ ಉದಾಹರಣೆಯ 4.5 ಟನ್ ಕಲ್ಲು ಸರಿಯಾಗಿ ಕೂತಿದ್ದರೆ, ಕಲ್ಲುಗಳ ನಡುವಿನ ಖಾಲಿ ಜಾಗ ಶೇ. 37 ಎಂದು ಹಿಡಿದರೆ, 100 ಚದರ ಮೀಟರಿನ ಎರಡು ಪದರಕ್ಕೆ ಸುಮಾರು 88 ಕಲ್ಲು ಬೇಕು. ಮೇಲಿನ ಪದರದಲ್ಲಿ ಅದರ ಅರ್ಧ, 44ರ ಆಸುಪಾಸು. ಎಣಿಕೆ 70 ಬಂತೆಂದರೆ ಅಲ್ಲಿರುವುದು ಅರ್ಧ ತೂಕದ ಕಲ್ಲು. ತಕ್ಕಡಿಯಿಲ್ಲದೆ, ಕ್ರೇನಿಲ್ಲದೆ, ಅರ್ಧ ಗಂಟೆಯಲ್ಲಿ ಇಷ್ಟು ತಿಳಿಯುತ್ತದೆ. ಡ್ರೋನ್ ಚಿತ್ರ ಇದ್ದರೆ ಕೂತಲ್ಲೇ ಎಣಿಸಬಹುದು.

ಎಣಿಕೆಯಲ್ಲಿ ಅನುಮಾನ ಬಂದರೆ ಚೌಕದ ಪ್ರತಿಯೊಂದು ಕಲ್ಲನ್ನೂ ಟೇಪಿನಿಂದ ಅಳೆಯಿರಿ. ಉದ್ದ, ಅಗಲ, ದಪ್ಪ ಮೂರೂ ಬೇಕು. ಮೂರನ್ನೂ ಗುಣಿಸಿ ಬಂದದ್ದು ಆ ಕಲ್ಲನ್ನು ಸುತ್ತುವರಿದ ಪೆಟ್ಟಿಗೆಯ ಗಾತ್ರ. ಕ್ವಾರಿಯಿಂದ ಬಂದ ಒರಟು ಕಲ್ಲು ಆ ಪೆಟ್ಟಿಗೆಯ ಅರ್ಧದಿಂದ ಅರುವತ್ತು ಶೇಕಡಾದಷ್ಟನ್ನು ಮಾತ್ರ ತುಂಬುತ್ತದೆ. ನಿಮ್ಮ ಕಲ್ಲಿಗೆ ಈ ಅಂಕಿ ಎಷ್ಟು ಎಂದು ತಿಳಿಯಲು ಹತ್ತಿಪ್ಪತ್ತು ಕಲ್ಲನ್ನು ಅಳೆದು, ಕ್ರೇನಿನ ತೂಕ ತೋರಿಸುವ ಲೋಡ್ ಸೆಲ್‌ನಲ್ಲಿ ಎತ್ತಿ ತೂಗಿ ಹೋಲಿಸಿ. ಒಮ್ಮೆ ಹೋಲಿಸಿಕೊಂಡರೆ ಉಳಿದವಕ್ಕೆ ಟೇಪು ಸಾಕು. ಉದ್ದ ದಪ್ಪದ ಮೂರು ಪಟ್ಟಿಗಿಂತ ಹೆಚ್ಚಿದ್ದರೆ ಆ ಕಲ್ಲಿನ ಹೆಸರಿನ ಮುಂದೆ ಗುರುತು ಹಾಕಿ. ಚಪ್ಪಟೆ ಕಲ್ಲನ್ನು ಅಲೆ ಹಲಗೆಯಂತೆ ಎತ್ತುತ್ತದೆ, ತೂಕ ಸರಿಯಿದ್ದರೂ ಅದು ಆರ್ಮರಿಗೆ ಒಗ್ಗುವುದಿಲ್ಲ.

ಅಂಕಿಗಳನ್ನು ಓದುವುದು

ಅಳತೆ ಕೈಗೆ ಬಂದ ಮೇಲೆ ಕಲ್ಲುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬರೆದು ತೂಕ ಕೂಡುತ್ತ ಹೋಗಿ. ಒಟ್ಟು ತೂಕದ ಅರ್ಧ ಮುಟ್ಟುವಲ್ಲಿ ಯಾವ ಕಲ್ಲು ಇದೆಯೋ ಅದರ ತೂಕವೇ ಎಂ50. ಗಮನಿಸಿ, ಇದು ಎಣಿಕೆಯ ಅರ್ಧವಲ್ಲ, ತೂಕದ ಅರ್ಧ. ಹಾಗೆಯೇ ಗಾತ್ರದ ಸಾಲಿನಲ್ಲಿ ಶೇ. 15 ಮತ್ತು ಶೇ. 85ಕ್ಕೆ ಸಿಗುವವು ಡಿ15, ಡಿ85. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದಾಗ 1.5ಕ್ಕಿಂತ ಕಡಿಮೆ ಬಂದರೆ ಕಲ್ಲು ಒಂದೇ ತೆರ, 1.5ರಿಂದ 2.5 ಬಂದರೆ ಏರುಪೇರು ಅಗಲವಾಗಿದೆ, ಅದಕ್ಕೂ ಮೀರಿದರೆ ಅದು ಕ್ವಾರಿಯಿಂದ ಬಂದ ಹಾಗೇ ಸುರಿದ ಮಿಶ್ರಣ.

ಅಗಲವಾದ ಏರುಪೇರೆಲ್ಲ ದೋಷ ಎಂದು ಹೇಳಿದರೆ ತಪ್ಪಾಗುತ್ತದೆ. ನೆದರ್‌ಲ್ಯಾಂಡ್ಸ್‌ನ ಎಂಜಿನಿಯರ್ ವಾನ್ ಡೆರ್ ಮೀರ್ 1988ರಲ್ಲಿ ಪ್ರಕಟಿಸಿದ ಮಾದರಿ ಪರೀಕ್ಷೆಗಳಲ್ಲಿ ಈ ಅನುಪಾತ 1.25ರಿಂದ 2.25ರವರೆಗೆ ಬದಲಾದರೂ, ನಡುವಿನ ಗಾತ್ರ ಒಂದೇ ಇದ್ದಾಗ, ಇಳಿಜಾರಿನ ಸ್ಥಿರತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಮಾದರಿ ತೊಟ್ಟಿಯಲ್ಲಿ ಕಲ್ಲು ಚೆನ್ನಾಗಿ ಬೆರೆತಿರುತ್ತದೆ. ಕೆಲಸದ ಜಾಗದಲ್ಲಿ ಹಾಗೆ ಬೆರೆಯುವುದು ಅಪರೂಪ. ಹಾಗಾಗಿ ಇಡೀ ಅಲೆತಡೆಯ ಅನುಪಾತ ಎಷ್ಟು ಎನ್ನುವುದಕ್ಕಿಂತ ಚಿಕ್ಕ ಕಲ್ಲು ಒಂದೆಡೆ ಸೇರಿದೆಯೇ ಎನ್ನುವುದೇ ನನಗೆ ಮುಖ್ಯ.

ನಾನು ಕಂಡ ಒಂದು ಅಲೆತಡೆಯಲ್ಲಿ ಹೀಗಾಗಿತ್ತು. ಎರಡು ಋತು ಸಾಲಾಗಿ ಒಂದೇ ಜಾಗದಲ್ಲಿ ಗುಂಡಿ. ಮೊದಲ ಸಲ ತುಂಬಿಸಿದ್ದರು, ಮತ್ತೆ ಬಿತ್ತು. ವೇಬ್ರಿಜ್ ಚೀಟಿಗಳನ್ನು ತರಿಸಿ ನೋಡಿದರೆ ಯಾವ ತಪ್ಪೂ ಇಲ್ಲ, ಪ್ರತಿ ಟಿಪ್ಪರಿನಲ್ಲೂ 18 ಟನ್‌ನ ಆಸುಪಾಸು. ಟ್ರಿಪ್ಪಿಗೆ ನಾಲ್ಕು ಕಲ್ಲು ಎಂದು ಹಿಡಿದು ಭಾಗಿಸಿ, ಸರಾಸರಿ 4.5 ಟನ್ ಎಂದು ಬರೆದಿದ್ದರು. ಆದರೆ 18 ಟನ್ ಎನ್ನುವುದು 9 ಟನ್‌ನ ಎರಡು ಕಲ್ಲೂ ಆಗಬಹುದು, 2.25 ಟನ್‌ನ ಎಂಟು ಕಲ್ಲೂ ಆಗಬಹುದು. ವೇಬ್ರಿಜ್‌ಗೆ ಎರಡೂ ಒಂದೇ. ಕ್ವಾರಿಯಲ್ಲಿ ಕೈಗೆ ಹತ್ತಿರ ಇದ್ದ ದೊಡ್ಡ ಕಲ್ಲು ಮುಗಿದ ಮೇಲೆ ಹಿಂದಿನ ರಾಶಿಯಿಂದ ಚಿಕ್ಕದನ್ನು ತುಂಬಿದ್ದರು. ಅವೆಲ್ಲ ಒಂದರ ಹಿಂದೆ ಒಂದು ಬಂದು ಒಂದೇ ಜಾಗದಲ್ಲಿ ಕೂತಿದ್ದವು. ದೊಡ್ಡ ಕಲ್ಲಿನ ಟ್ರಿಪ್ಪುಗಳು ಅದಕ್ಕೂ ಮುಂಚಿನ ಮೂವತ್ತು ಮೀಟರಿನಲ್ಲಿ ಮುಗಿದಿದ್ದವು, ಆ ಭಾಗ ಕದಲಿರಲಿಲ್ಲ. ಯಾರೂ ಸುಳ್ಳು ಬರೆದಿರಲಿಲ್ಲ. ಟ್ರಿಪ್ಪಿಗೆ ಎಷ್ಟು ಕಲ್ಲು ಎಂದು ಚೀಟಿಯಲ್ಲಿ ಒಂದು ಅಂಕಿ ಬರೆದಿದ್ದರೆ ಮೊದಲ ವಾರದಲ್ಲೇ ಗೊತ್ತಾಗುತ್ತಿತ್ತು.

ಅರ್ಧ ತೂಕದ ಕಲ್ಲು ಗುಂಪಾದರೆ ಏನಾಗುತ್ತದೆ? ತೂಕ ಅರ್ಧವಾದರೆ ಬದಿಯ ಅಳತೆ ಶೇ. 79ಕ್ಕೆ ಇಳಿಯುತ್ತದೆ. ಅಂದರೆ 3 ಮೀಟರ್ ಅಲೆಗೆ ಕಟ್ಟಿದ ಇಳಿಜಾರು ಆ ಜಾಗದಲ್ಲಿ ಮಾತ್ರ 2.4 ಮೀಟರ್ ಅಲೆಗೆ ಕಟ್ಟಿದಂತೆ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ವಾನ್ ಡೆರ್ ಮೀರ್ ಸೂತ್ರದಲ್ಲಿ ಹಾನಿಯ ಸಂಖ್ಯೆ ಕಲ್ಲಿನ ಬದಿಯ ಅಳತೆಯ ಐದನೇ ಘಾತಕ್ಕೆ ವಿಲೋಮವಾಗಿ ಏರುತ್ತದೆ. ತೂಕ ಶೇ. 25 ಕಡಿಮೆಯಾದರೆ ಹಾನಿಯ ಸಂಖ್ಯೆ 1.6 ಪಟ್ಟಾಗುತ್ತದೆ. ತೂಕ ಅರ್ಧವಾದರೆ 3 ಪಟ್ಟಿಗೂ ಮೀರುತ್ತದೆ. 1:2 ಇಳಿಜಾರಿಗೆ ಈ ಸಂಖ್ಯೆ 2 ಇದ್ದರೆ ಹಾನಿಯ ಶುರು, 8 ಮುಟ್ಟಿದರೆ ಆರ್ಮರ್ ಕಿತ್ತು ಒಳಪದರ ಹೊರಗೆ ಕಾಣುವ ಸ್ಥಿತಿ. ಉಳಿದ ಭಾಗದಲ್ಲಿ 2 ಬರುವ ಬಿರುಗಾಳಿಗೆ ಈ ಗುಂಪಿನ ಜಾಗದಲ್ಲಿ 6 ಬರುತ್ತದೆ. ಅಕ್ಕಪಕ್ಕ ಏನೂ ಆಗದೆ ನಡುವೆ ಗುಂಡಿ ಬೀಳುವುದು ಹೀಗೆ.

ಹಾನಿಯ ಸಂಖ್ಯೆಯನ್ನು ನೀವೂ ಅಳೆಯಬಹುದು. ಗುಂಡಿಯ ಅಡ್ಡ ಸೀಳಿಕೆಯಲ್ಲಿ ಎಷ್ಟು ಚದರ ಮೀಟರ್ ಕಲ್ಲು ಹೋಗಿದೆ ಎಂದು ಲೆಕ್ಕ ಹಾಕಿ, ಅದನ್ನು ಕಲ್ಲಿನ ಬದಿಯ ವರ್ಗದಿಂದ ಭಾಗಿಸಿ. 4.5 ಟನ್ ಕಲ್ಲಿಗೆ 2.8 ಚದರ ಮೀಟರ್ ಹೋದರೆ ಸಂಖ್ಯೆ 2, ಸುಮಾರು 11.4 ಹೋದರೆ 8.

ಏರುಪೇರು ಎಲ್ಲಿ ಹುಟ್ಟುತ್ತದೆ

ಕ್ವಾರಿಯ ಬಂಡೆಯಲ್ಲಿ ಬಿರುಕುಗಳು ಎಷ್ಟು ಹತ್ತಿರವಿವೆ ಎನ್ನುವುದರ ಮೇಲೆ ಸಿಗುವ ಅತಿ ದೊಡ್ಡ ಕಲ್ಲು ಯಾವುದು ಎನ್ನುವುದು ಮೊದಲೇ ನಿರ್ಧಾರವಾಗಿರುತ್ತದೆ. ಸ್ಫೋಟದ ಮದ್ದು ಹೆಚ್ಚಾದರೆ ಅದೂ ಪುಡಿಯಾಗುತ್ತದೆ. ಜಲ್ಲಿಗಾಗಿ ಸಿಡಿಸುವ ಕ್ವಾರಿಯಿಂದ ಆರ್ಮರ್ ಕಲ್ಲು ಕೇಳಿದರೆ ತೊಂದರೆ ಅಲ್ಲಿಂದಲೇ ಶುರು.

ಟಿಪ್ಪರ್ ಸುರಿದಾಗ ದೊಡ್ಡದು ಉರುಳಿ ಬುಡ ಸೇರುತ್ತದೆ, ಚಿಕ್ಕದು ಮೇಲೇ ಉಳಿಯುತ್ತದೆ. ಭತ್ತದ ರಾಶಿ ಸುರಿದಾಗ ಜೊಳ್ಳು ಬೇರೆ ಗಟ್ಟಿ ಬೇರೆ ಆಗುವ ಹಾಗೆ. ಕೋರಿಗೆ, ಅಂದರೆ ಅಲೆತಡೆಯ ನಡುವಿನ ತಿರುಳಿಗೆ, ಸುರಿದರೆ ಅಷ್ಟು ಹಾನಿಯಿಲ್ಲ. ಒಳಪದರಕ್ಕೆ ಹಾಗೆ ಮಾಡಿದರೆ ಅಲೆ ಹೆಚ್ಚು ಹೊಡೆಯುವ ನೀರಿನ ಮಟ್ಟದಲ್ಲೇ ಚಿಕ್ಕದು ನಿಲ್ಲುತ್ತದೆ. ಆರ್ಮರ್ ಕಲ್ಲನ್ನಂತೂ ಒಂದೊಂದಾಗಿ ಎತ್ತಿಯೇ ಇಡಬೇಕು.

ಒಡೆಯುವುದು ಮೂರನೆಯದು. ಕ್ವಾರಿಯಲ್ಲಿ ತೂಗಿದಾಗ 5 ಟನ್ ಇದ್ದ ಕಲ್ಲು ಒಳಬಿರುಕಿದ್ದರೆ ಇಳಿಸುವಾಗಲೇ ಮೂರು ತುಂಡಾಗುತ್ತದೆ, ತುಂಡುಗಳು ಅಲ್ಲಿಯೇ ಇಳಿಜಾರಿಗೆ ಸೇರುತ್ತವೆ. ಕಡತದಲ್ಲಿ ಅದು 5 ಟನ್‌ನ ಒಂದೇ ಕಲ್ಲು. ಪೋರ್ಚುಗಲ್‌ನ ಸಿನೆಸ್ ಬಂದರಿನ ಅಲೆತಡೆ 1978ರ ಫೆಬ್ರವರಿಯ ಬಿರುಗಾಳಿಯಲ್ಲಿ ಹಾಳಾದಾಗ ಅಲ್ಲಿದ್ದದ್ದು ಕಲ್ಲಲ್ಲ, 42 ಟನ್‌ನ ಡೋಲೋಸ್ ಕಾಂಕ್ರೀಟ್ ಘಟಕಗಳು. ಆದರೂ ಅದು ನಮಗೆ ಸಂಬಂಧಿಸಿದ ವಿಚಾರವೇ. ಒಡೆದ ಘಟಕ ಚಿಕ್ಕ ಘಟಕ. ಎಷ್ಟು ಟನ್ ಇಟ್ಟೆವು ಎನ್ನುವ ಲೆಕ್ಕ ಅದು ಇಡಿಯಾಗಿ ಉಳಿದಿರುವವರೆಗೆ ಮಾತ್ರ.

ಸಂದಿ ಮುಚ್ಚಿಹೋದರೆ

ಏರುಪೇರಿನ ಇನ್ನೊಂದು ಮುಖ ಮೇಲಿನಿಂದ ಕಾಣುವುದೇ ಇಲ್ಲ. ಆರ್ಮರ್ ಕಲ್ಲು ಅಳೆದರೆ ಸರಿಯಿರುತ್ತದೆ, ಚೌಕದ ಎಣಿಕೆಯೂ 44. ಆದರೂ ಕಲ್ಲು ಏಳುತ್ತಿದೆ. ಆಗ ಕಲ್ಲಿನ ಸಂದಿಗೆ ಇಣುಕಿ ನೋಡಿ. ಸಂದಿ ಕತ್ತಲಾಗಿ, ಆಳಕ್ಕೆ ಹೋಗುವಂತಿರಬೇಕು. ಅಲೆ ಹಿಂದೆ ಸರಿದಾಗ ಒಳಗಿನಿಂದ ನೀರು ಗುಳುಗುಳು ಸದ್ದು ಮಾಡುತ್ತ ಇಳಿಯುವುದು ಕೇಳಬೇಕು. ಅದರ ಬದಲು ಒಂದು ಮೊಳದಾಚೆ ಸಣ್ಣ ಕಲ್ಲು, ಜಲ್ಲಿ, ಕಲ್ಲುಪುಡಿ ಒತ್ತಾಗಿ ತುಂಬಿದ್ದು ಕಂಡರೆ, ನೀರು ಒಳಗೆ ಇಂಗದೆ ಇಳಿಜಾರಿನ ಮೇಲೆಯೇ ಹಾಳೆಯಾಗಿ ಜಾರುತ್ತಿದ್ದರೆ, ದೋಷ ಕೆಳಗಿದೆ.

ಕಲ್ಲಿನ ಅಲೆತಡೆ ಅಲೆಯನ್ನು ತಡೆಯುವುದು ಗೋಡೆಯ ಹಾಗಲ್ಲ, ನುಂಗುವುದರಿಂದ. ಸಂದುಗಳಲ್ಲಿ ನೀರು ನುಗ್ಗಿ, ಸುತ್ತಿ, ಕಸುವು ಕಳೆದುಕೊಳ್ಳುತ್ತದೆ. ಚಿಕ್ಕ ಕಲ್ಲು ಸಂದನ್ನು ತುಂಬಿದರೆ ನೀರು ಮೇಲಕ್ಕೆ ಹೆಚ್ಚು ಏರುತ್ತದೆ, ಅಲೆ ಹಿಂದಕ್ಕೆ ಇಳಿಯುವಾಗ ಒಳಗೆ ಸಿಕ್ಕಿಕೊಂಡ ನೀರಿನ ಒತ್ತಡ ಆರ್ಮರ್ ಕಲ್ಲನ್ನು ಹೊರಕ್ಕೆ ತಳ್ಳುತ್ತದೆ. ವಾನ್ ಡೆರ್ ಮೀರ್ ಸೂತ್ರದಲ್ಲಿ ಇದಕ್ಕೊಂದು ಅಂಕಿಯಿದೆ. ಫಿಲ್ಟರ್ ಪದರ (ಆರ್ಮರಿನ ಕೆಳಗಿನ ಒಳಪದರ) ಮತ್ತು ನೀರು ಬಿಡುವ ಕೋರ್ ಇರುವ ಮಾಮೂಲಿ ಅಲೆತಡೆಗೆ 0.4, ನೀರು ಬಿಡದ ಕೋರಿಗೆ 0.1. ಇಳಿಜಾರಿನ ಮೇಲೆ ಮಗುಚಿ ಒಡೆಯುವ ಅಲೆಗಳ ಲೆಕ್ಕದಲ್ಲಿ 0.4 ಇದ್ದದ್ದು 0.1ಕ್ಕೆ ಇಳಿದರೆ ತಾಳಿಕೊಳ್ಳುವ ಅಲೆಯ ಎತ್ತರ ಶೇ. 22 ಕಡಿಮೆಯಾಗುತ್ತದೆ. ಅದನ್ನು ಕಲ್ಲಿನಿಂದ ಸರಿತೂಗಿಸಬೇಕೆಂದರೆ ಆರ್ಮರ್ ಕಲ್ಲಿನ ತೂಕ ಎರಡು ಪಟ್ಟಿಗಿಂತ ಹೆಚ್ಚಾಗಬೇಕು. ಕೋರಿನ ಕಲ್ಲುಪುಡಿಯ ಬಗ್ಗೆ ‘ಒಳಗೆ ಇರುವುದು ತಾನೆ’ ಎನ್ನುವವರಿಗೆ ನಾನು ತೋರಿಸುವುದು ಈ ಲೆಕ್ಕವನ್ನು.

ಇದರ ಜತೆಗೆ ಒಳಗಿನದು ಹೊರಗೆ ಸೋರುವ ತೊಂದರೆಯೂ ಇದೆ. ಆರ್ಮರಿನ ಕೆಳಗಿನ ಪದರದ ಕಲ್ಲು ಆರ್ಮರಿನ ತೂಕದ ಹತ್ತರಿಂದ ಹದಿನೈದನೇ ಒಂದು ಭಾಗ ಇರಬೇಕು. ನಮ್ಮ ಉದಾಹರಣೆಯಲ್ಲಿ 300ರಿಂದ 450 ಕಿಲೋ. ಮೇಲಿನ ಪದರದ ಡಿ15 ಅನ್ನು ಕೆಳಗಿನ ಪದರದ ಡಿ85ರಿಂದ ಭಾಗಿಸಿದರೆ 4 ಅಥವಾ 5ನ್ನು ಮೀರಬಾರದು. ಮೀರಿದರೆ ಕೆಳಗಿನದು ಮೇಲಿನ ಸಂದುಗಳಿಂದ ಜಾರಿ ಹೊರಬರುತ್ತದೆ. ಆಗ ಆರ್ಮರ್ ಕಲ್ಲು ಉರುಳುವುದಿಲ್ಲ, ಇದ್ದಲ್ಲೇ ತಗ್ಗುತ್ತದೆ. ನೆತ್ತಿಯ ಗೆರೆ ಅಲ್ಲಲ್ಲಿ ಇಳಿದಿರುತ್ತದೆ, ಬುಡದಲ್ಲಿ ತೊಳೆದ ಸಣ್ಣ ಕಲ್ಲುಗಳ ಹಾಸು ಬಿದ್ದಿರುತ್ತದೆ. ಕಲ್ಲು ಕಾಣೆಯಾಗದೆ ನೆತ್ತಿ ಇಳಿದಿದ್ದರೆ ಮೊದಲು ಹುಡುಕಬೇಕಾದದ್ದು ಈ ಹಾಸನ್ನು.

ಗಾತ್ರದ ದೋಷವೆಂದು ತೋರುವ ಬೇರೆ ದೋಷಗಳು

ಕಲ್ಲನ್ನು ದೂರುವ ಮೊದಲು ಇವನ್ನು ತಳ್ಳಿಹಾಕಿಕೊಳ್ಳಿ.

ಬುಡ ಕೊರೆದಿದ್ದರೆ ಹಾನಿ ಕೆಳಗಿನಿಂದ ಮೇಲಕ್ಕೆ ಬರುತ್ತದೆ, ಕಲ್ಲುಗಳ ಸಾಲು ಸಾಲೇ ಒಟ್ಟಿಗೆ ಜಾರಿರುತ್ತದೆ. ಗಾತ್ರದ ದೋಷದಲ್ಲಿ ಕಲ್ಲುಗಳು ನೀರಿನ ಮಟ್ಟದಲ್ಲಿ ಒಂದೊಂದಾಗಿ ಕಿತ್ತುಹೋಗುತ್ತವೆ. ಮುಳುಗುಗಾರರನ್ನು ಇಳಿಸಿ ಬುಡ ನೋಡಿಸದೆ ವರದಿ ಬರೆಯಬೇಡಿ.

ಸಾಂದ್ರತೆಯನ್ನು ಪರೀಕ್ಷಿಸಿ. ಘನಮೀಟರಿಗೆ 2.65 ಟನ್ ಎಂದು ಲೆಕ್ಕ ಹಾಕಿದ್ದ ಕಲ್ಲು ನಿಜದಲ್ಲಿ 2.5 ಟನ್ ಇದ್ದರೆ, ಅದೇ 3 ಮೀಟರ್ ಅಲೆಗೆ 4.5 ಟನ್ ಬದಲು 5.7 ಟನ್ ಕಲ್ಲು ಬೇಕಾಗುತ್ತದೆ. ಸಾಂದ್ರತೆ ಇಳಿದದ್ದು ಶೇ. 6ಕ್ಕಿಂತ ಕಡಿಮೆ, ಬೇಕಾದ ತೂಕ ಏರಿದ್ದು ಶೇ. 26. ಕಲ್ಲು ಹಗುರವಾಗಿದ್ದರೆ ಕ್ವಾರಿ ಬದಲಾದ ತಾರೀಖು ಗುಂಡಿಯ ಜಾಗಕ್ಕೆ ತಾಳೆಯಾಗುತ್ತದೆಯೇ ನೋಡಿ.

ಮೂಲೆ ಸವೆದು ಉರುಟಾದ ಕಲ್ಲಿಗೆ ಸ್ಥಿರತಾ ಗುಣಾಂಕ 2ರ ಬದಲು 1.2. ಕಚ್ಚಿ ಕೂರುವುದಿಲ್ಲವಾದ್ದರಿಂದ 4.5 ಟನ್ ಜಾಗದಲ್ಲಿ 7.5 ಟನ್ ಬೇಕು. ಅಲೆತಡೆಯ ತುದಿಯ ತಲೆಭಾಗಕ್ಕೂ ಗುಣಾಂಕ ಕಡಿಮೆ, 1:2 ಇಳಿಜಾರಿಗೆ 1.6. ನಡುಭಾಗದ ಕಲ್ಲನ್ನೇ ತಲೆಗೂ ಹಾಕಿದ್ದರೆ ಅಲ್ಲಿ ಎಲ್ಲ ಕಲ್ಲೂ ಒಂದೇ ತೆರನಾಗಿ ಚಿಕ್ಕದಾಗಿದೆ ಎಂದಾಯಿತು. ಅದು ವಿನ್ಯಾಸದ ತಪ್ಪು.

ಒಳಬದಿಯ ಇಳಿಜಾರು ಹಾಳಾಗಿದ್ದರೆ ಅಲೆ ನೆತ್ತಿ ದಾಟಿ ಬೀಳುತ್ತಿದೆ. ಸಂದು ಮುಚ್ಚಿದ ಅಲೆತಡೆಯಲ್ಲಿ ಅಲೆ ಹೆಚ್ಚು ಏರುವುದರಿಂದ ಇದಕ್ಕೂ ಮೂಲ ಗಾತ್ರದ ಏರುಪೇರೇ ಆಗಿರಬಹುದು, ಆದರೆ ನೆತ್ತಿಯ ಎತ್ತರವನ್ನು ಮೊದಲು ಅಳೆಯಿರಿ.

ಸರಿಪಡಿಸುವುದು

ಗುಂಡಿಗೆ ಕೈಗೆ ಸಿಕ್ಕ ಕಲ್ಲು ತಂದು ಸುರಿಯಬೇಡಿ. ಬಿರುಗಾಳಿಯ ಮಾರನೆಯ ದಿನ ಎಲ್ಲರಿಗೂ ಅದೇ ಅವಸರ. ಸುರಿದ ಚಿಕ್ಕ ಕಲ್ಲು ಮುಂದಿನ ಅಲೆಗೆ ಸುತ್ತಿಗೆಯಾಗುತ್ತದೆ, ಗಟ್ಟಿ ಕೂತ ಪಕ್ಕದ ಕಲ್ಲನ್ನೂ ಬಡಿದು ಸಡಿಲಿಸುತ್ತದೆ. ಸಂದನ್ನು ಸಿಮೆಂಟಿನಿಂದ ಮುಚ್ಚುವುದು ಇನ್ನೂ ಕೆಡುಕು, ನೀರಿನ ಒತ್ತಡಕ್ಕೆ ಹೊರದಾರಿ ಇಲ್ಲದಂತಾಗುತ್ತದೆ.

ಗುಂಡಿಯ ಸುತ್ತ ಚಿಕ್ಕ ಕಲ್ಲಿನ ಗುಂಪು ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೂ ಬಿಚ್ಚಿ. ಗುಂಡಿ ಆರು ಮೀಟರ್ ಇದ್ದರೂ ಬಿಚ್ಚಬೇಕಾದದ್ದು ಹದಿನೈದು ಮೀಟರ್ ಇರಬಹುದು. ಒಳಪದರ ಕಾಣುವವರೆಗೆ ತೆಗೆದು, ಅದರ ಗಾತ್ರ ಪರೀಕ್ಷಿಸಿ, ಕಲ್ಲುಪುಡಿ ಸಿಕ್ಕರೆ ಅದನ್ನೂ ತೆಗೆದು, ಸರಿಯಾದ ಒಳಪದರ ಹಾಕಿಯೇ ಮೇಲೆ ಬನ್ನಿ. ಆರ್ಮರ್ ಕಲ್ಲನ್ನು ಬುಡದಿಂದ ಮೇಲಕ್ಕೆ, ಪ್ರತಿಯೊಂದೂ ಕನಿಷ್ಠ ಮೂರು ಕಡೆ ತಾಗುವಂತೆ ಕೂರಿಸಿ. ಅಲುಗಿದರೆ ಚಕ್ಕೆ ತುರುಕದೆ ಎತ್ತಿ ತಿರುಗಿಸಿ ಮತ್ತೆ ಇಡಿ.

ತೆಗೆದ ಚಿಕ್ಕ ಕಲ್ಲು ಹಾಳೇನಲ್ಲ, ಅದಕ್ಕೆ ತಕ್ಕ ಜಾಗ ಬೇರೆ ಇದೆ. ಐಸ್‌ಲ್ಯಾಂಡಿನ ಬರ್ಮ್ ಮಾದರಿಯ (ಸಮುದ್ರದ ಕಡೆ ಕಲ್ಲಿನ ಅಗಲವಾದ ಜಗಲಿಯಿರುವ) ಅಲೆತಡೆಗಳಲ್ಲಿ ಕ್ವಾರಿಯಿಂದ ಸಿಗುವ ಕಲ್ಲನ್ನೆಲ್ಲ ಹಲವು ತೂಕದ ವರ್ಗಗಳಾಗಿ ಬೇರ್ಪಡಿಸುತ್ತಾರೆ. ಅತಿ ದೊಡ್ಡ ಕಲ್ಲುಗಳು ಒಟ್ಟಿನಲ್ಲಿ ಕೆಲವೇ ಶೇಕಡಾ ಸಿಕ್ಕರೂ ಅಲೆ ಹೆಚ್ಚು ಹೊಡೆಯುವ ಜಾಗಕ್ಕೆ ಮೀಸಲಿಟ್ಟು, ಚಿಕ್ಕದನ್ನು ಹೊಡೆತ ಕಡಿಮೆಯಿರುವಲ್ಲಿ ಬಳಸುತ್ತಾರೆ. ಏರುಪೇರು ಕ್ವಾರಿಯಲ್ಲಿ ತಪ್ಪದು, ಬೇರ್ಪಡಿಸಿ ಇಟ್ಟರೆ ಅದು ದೋಷವಾಗುವುದಿಲ್ಲ. ದೊಡ್ಡ ಕಲ್ಲು ಸಿಗುವುದೇ ಇಲ್ಲವೆಂದರೆ ಉಳಿದಿರುವ ದಾರಿ ಇಳಿಜಾರನ್ನು ಮಲಗಿಸುವುದು. 1:2 ಇದ್ದದ್ದನ್ನು 1:3 ಮಾಡಿದರೆ ಹಡ್ಸನ್ ಲೆಕ್ಕದಲ್ಲಿ 4.5 ಟನ್ ಜಾಗದಲ್ಲಿ 3 ಟನ್ ಸಾಕು. 1812ರಲ್ಲಿ ಶುರುವಾದ ಇಂಗ್ಲೆಂಡಿನ ಪ್ಲಿಮತ್ ಅಲೆತಡೆಯಲ್ಲಿ ಈ ಕೆಲಸವನ್ನು ಸಮುದ್ರವೇ ಮಾಡಿತು. 1824ರ ಬಿರುಗಾಳಿ ಅದರ ಸಮುದ್ರದ ಕಡೆಯ ಇಳಿಜಾರನ್ನು ಬಹಳ ಮಲಗಿಸಿತು, ಆಮೇಲೆ ಕಟ್ಟಿದವರೂ ಸಮುದ್ರ ತೋರಿಸಿದ ಆ ಇಳಿಜಾರನ್ನೇ ಒಪ್ಪಿಕೊಂಡರು.

ಕೆಲಸ ಮುಗಿದ ದಿನವೇ ರಿಪೇರಿ ಮಾಡಿದ ಭಾಗದ ಇಪ್ಪತ್ತು ಕಲ್ಲುಗಳಿಗೆ ಬಣ್ಣದಲ್ಲಿ ಸಂಖ್ಯೆ ಬರೆದು, ಪ್ರತಿಯೊಂದರ ಪಕ್ಕದ ಕಲ್ಲಿಗೂ ಸೇರುವಂತೆ ಸಂದಿನ ಮೇಲೆ ಅಡ್ಡಗೆರೆ ಎಳೆದು, ಒಂದೇ ಜಾಗದಲ್ಲಿ ನಿಂತು ಚಿತ್ರ ತೆಗೆದಿಡಿ. ಹತ್ತತ್ತು ಮೀಟರಿಗೆ ಒಂದರಂತೆ ಅಡ್ಡ ಸೀಳಿಕೆಯ ಸರ್ವೆಯನ್ನೂ ಮಾಡಿಸಿ. ಮೊದಲ ಬಿರುಗಾಳಿಯ ನಂತರ ಅಡ್ಡಗೆರೆಯ ಎರಡು ತುದಿ ಒಂದಕ್ಕೊಂದು ಕೂಡುತ್ತವೆಯೇ ನೋಡಿ. ಎರಡು ಬೆರಳಿನಷ್ಟು ತಪ್ಪಿದ್ದರೆ ಆ ಕಲ್ಲು ಹೊಂದಿಕೊಂಡು ಕೂತಿದೆ, ಅದು ಸಹಜ. ಎರಡನೇ ಬಿರುಗಾಳಿಯ ನಂತರವೂ ಅದೇ ಕಲ್ಲಿನ ಗೆರೆ ಮತ್ತಷ್ಟು ಸರಿದಿದ್ದರೆ ಮರುದಿನವೇ ಟೇಪು ಹಿಡಿದು ಅದರ ಸುತ್ತಲಿನ ಚೌಕವನ್ನು ಮತ್ತೆ ಎಣಿಸಿ.